ಕುಕ್ಕರ್ ಕೂಗಿದರೆ ತಿರುಗುತ್ತಾನೆ, ಅಮ್ಮ ಕೂಗಿದರೆ ಇಲ್ಲ

"ಕುಕ್ಕರ್ ಕೂಗಿದ್ರೆ ತಿರುಗ್ತಾನೆ ಮೇಡಂ, ನಾನು ಕೂಗಿದ್ರೆ ತಿರುಗಲ್ಲ."

ಕುರ್ಚಿಯಲ್ಲಿ ಕೂರುವ ಮೊದಲೇ ಆ ತಾಯಿ ಹೇಳಿದ ಮಾತು ಇದು. ಹಿಂದೆಯೇ ಬಂದ ಅಜ್ಜಿ ಅದನ್ನು ಅಲ್ಲಿಗೇ ತಡೆದರು. "ಕಿವಿ ಚೆನ್ನಾಗೇ ಐತೆ ಕಣವ್ವ. ಬುದ್ಧಿ ಒಂದು ನಿಧಾನ." ಇಬ್ಬರ ಮಾತನ್ನೂ ಫೈಲಿನ ಮೊದಲ ಪುಟದಲ್ಲಿ ಹಾಗೇ ಬರೆದುಕೊಂಡೆ. ಆಮೇಲೆ ಒಂದೂವರೆ ತಿಂಗಳು ನಡೆದ ಪರೀಕ್ಷೆಗಳೆಲ್ಲ ಸೇರಿ ಹೇಳಿದ್ದು ಹೆಚ್ಚೂಕಡಿಮೆ ಆ ತಾಯಿ ಹೇಳಿದ್ದನ್ನೇ, ಡೆಸಿಬಲ್ ಲೆಕ್ಕದಲ್ಲಿ.

ನಾನು ಆಡಿಯಾಲಜಿಸ್ಟ್. ಕಿವಿ ಎಷ್ಟು ಕೇಳುತ್ತೆ ಅಂತ ಅಳೆಯುವುದು, ಬೇಕಾದವರಿಗೆ ಮಷಿನ್ ಹೊಂದಿಸುವುದು ನನ್ನ ಕೆಲಸ. ಈ ಮಗುವನ್ನು ಇಲ್ಲಿ ಪುಟ್ಟ ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹಾಸನದ ಕಡೆ ಒಂದು ಕಾಫಿ ತೋಟದ ಲೈನ್ ಮನೆಯಿಂದ ಬಂದವನು. ಬಂದಾಗ ವಯಸ್ಸು 2 ವರ್ಷ 10 ತಿಂಗಳು. ಡೌನ್ ಸಿಂಡ್ರೋಮ್ ಇದೆ. ಹೃದಯದಲ್ಲಿ ರಂಧ್ರ ಇತ್ತು, 11 ತಿಂಗಳಿಗೆ ಆಪರೇಷನ್ ಆಗಿದೆ. ನಡೆಯಲು ಶುರು ಮಾಡಿದ್ದು ಎರಡೂವರೆ ವರ್ಷಕ್ಕೆ. ಮಾತು ಅಂತ ಒಂದೂ ಇಲ್ಲ. ರಾತ್ರಿ ದೊಡ್ಡವರ ಹಾಗೆ ಗೊರಕೆ ಹೊಡೆಯುತ್ತಾನೆ.

ಅವರ ಫೈಲಿನಲ್ಲಿ ಕಿವಿಗೆ ಸಂಬಂಧಪಟ್ಟ ಕಾಗದ ಮೂರೇ ಇದ್ದವು. ಮೊದಲನೆಯದು ಹುಟ್ಟಿದ ವಾರದ್ದು. ಓಎಇ ಪರೀಕ್ಷೆ (ಸದ್ದು ಕೊಟ್ಟು, ಒಳಗಿವಿಯಿಂದ ಮರಳಿ ಬರುವ ಸಣ್ಣ ಸದ್ದನ್ನು ಹಿಡಿಯುವುದು), ಎರಡೂ ಕಿವಿ "ರೆಫರ್", ಅಂದರೆ ಪಾಸಾಗಿಲ್ಲ, ಒಂದು ತಿಂಗಳು ಬಿಟ್ಟು ಬನ್ನಿ. ಹೋಗಲಿಲ್ಲ. ಮಗು ಹಾಲು ಕುಡಿಯಲು ಏದುಸಿರು ಬಿಡುತ್ತಿದ್ದಾಗ ಕಿವಿ ಯಾರಿಗೆ ನೆನಪಾಗುತ್ತೆ ಹೇಳಿ? ಎರಡನೆಯದು 1 ವರ್ಷ 8 ತಿಂಗಳಿಗೆ ಬೇರೊಂದು ಕಡೆ ಮಾಡಿಸಿದ್ದು: "ಮಗು ಸಹಕರಿಸಲಿಲ್ಲ, ಪರೀಕ್ಷೆ ಆಗಲಿಲ್ಲ. ಮಾತು ತಡವಾಗಿರುವುದು ಬೆಳವಣಿಗೆಯ ವಿಳಂಬದಿಂದ." ಪರೀಕ್ಷೆಯೇ ಆಗದೆ ಕಾರಣ ಮಾತ್ರ ಹೇಗೆ ಗೊತ್ತಾಯಿತೋ. ಮೂರನೆಯದು ಮತ್ತೊಂದು ಊರಿನ ಬೆರಾ ವರದಿ, 2 ವರ್ಷ 3 ತಿಂಗಳಿಗೆ. ಮಗು ಮಲಗಿದ್ದಾಗ ಸದ್ದು ಕೊಟ್ಟು, ಕಿವಿಯ ನರದಿಂದ ಮಿದುಳಿಗೆ ಹೋಗುವ ಅಲೆಯನ್ನು ಎಲೆಕ್ಟ್ರೋಡಿನಲ್ಲಿ ಹಿಡಿಯುವ ಪರೀಕ್ಷೆ ಅದು. ಎರಡೂ ಕಿವಿಯಲ್ಲಿ 80 ಡೆಸಿಬಲ್‌ಗಿಂತ ಕೆಳಗೆ ಅಲೆ ಇಲ್ಲ, ತೀವ್ರ ಶ್ರವಣದೋಷ, ಶಕ್ತಿಯುತ ಮಷಿನ್ ಹಾಕಿ.

ಅವರು ಸಾಲ ಮಾಡಿ ಮಷಿನ್ ತಗೊಂಡರು. ಪುಟ್ಟ ಹಾಕಿದ ಅರ್ಧ ನಿಮಿಷಕ್ಕೆ ಕಿರುಚಿ ಕಿತ್ತು ಬಿಸಾಕುತ್ತಿದ್ದ. ಎರಡು ವಾರ ನೋಡಿ, ಇವನ ಹಠಕ್ಕೆ ಸಾಕಾಗಿ, ಅದನ್ನು ಅಲ್ಮೇರದಲ್ಲಿ ಇಟ್ಟುಬಿಟ್ಟರು.

ಹಾಗಾಗಿ ನನ್ನ ಮುಂದೆ ಎರಡು ಉತ್ತರ ಇದ್ದವು. ಕಿವಿ ಸರಿ ಇದೆ, ಬುದ್ಧಿ ನಿಧಾನ ಅನ್ನುವುದು ಒಂದು. ಕಿವಿ ಹೆಚ್ಚೂಕಡಿಮೆ ಹೋಗಿದೆ ಅನ್ನುವುದು ಇನ್ನೊಂದು. ಎರಡೂ ಕುಕ್ಕರಿನ ಲೆಕ್ಕಕ್ಕೆ ಹೊಂದುವುದಿಲ್ಲ. ಅಡುಗೆಮನೆಯ ವಿಷಲ್ ನಡುಮನೆಯಲ್ಲಿ ಎಷ್ಟು ಜೋರಿರುತ್ತೆ ಅಂತ ಅವರ ಫೋನಿನಲ್ಲೇ ಒಂದು ಆ್ಯಪ್ ಹಾಕಿ ಅಳೆಸಿದೆ. ಕರಾರುವಾಕ್ಕಲ್ಲ, ಸುಮಾರು 70 ಡೆಸಿಬಲ್ ಬಂತು. ಒಂದು ಮೀಟರ್ ದೂರದಿಂದ ನಾವು ಆಡುವ ಮಾತು ಅದೇ ಅಳತೆಯಲ್ಲಿ 60ರ ಸುತ್ತಮುತ್ತ ಇರುತ್ತೆ. ದೂರ ದುಪ್ಪಟ್ಟಾದ ಹಾಗೆಲ್ಲ ಇನ್ನೂ 6ರಷ್ಟು ಇಳಿಯುತ್ತೆ. ಅಂದರೆ ವಿಷಲ್ ಕೇಳಿ, ಎರಡು ಮೂರು ಮೀಟರ್ ಆಚೆಯಿಂದ ಅಮ್ಮ ಕರೆದದ್ದು ಕೇಳದ ಒಂದು ಜಾಗ ನಡುವೆ ಇದೆ. ಹುಡುಕಬೇಕಾಗಿದ್ದು ಆ ನಡುವಿನ ಜಾಗವನ್ನು.

ಮೊದಲು ಕಿವಿಯೊಳಗೆ ನೋಡಿದೆ. ಏನೂ ಕಾಣಲಿಲ್ಲ, ಬರೀ ಗುಗ್ಗೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಕಿವಿಯ ಹಾದಿ ತುಂಬಾ ಸಣ್ಣ. ಮಾಮೂಲಿ ಮಕ್ಕಳ ಕಿವಿಗೆ ಇಡುವ ಸ್ಪೆಕ್ಯುಲಮ್ (ಕಿವಿಯೊಳಗೆ ನೋಡುವ ಉಪಕರಣದ ತುದಿ) ಕೂಡ ಇವರಿಗೆ ದೊಡ್ಡದಾಗುತ್ತೆ, ಹಸುಗೂಸುಗಳಿಗೆ ಇಡುವುದನ್ನೇ ಬಳಸಬೇಕು. ಸಣ್ಣ ಹಾದಿಯಲ್ಲಿ ಗುಗ್ಗೆ ಬೇಗ ಕಟ್ಟಿಕೊಳ್ಳುತ್ತೆ. ಅದರ ಹಿಂದೆ ಇನ್ನೊಂದು ತೊಂದರೆ: ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿ ಒಯ್ಯುವ ನಾಳವೂ ಇವರಲ್ಲಿ ಕಿರಿದು, ಅದನ್ನು ತೆರೆಯುವ ಸ್ನಾಯುಗಳೂ ಸಡಿಲ. ಗಾಳಿ ಹೋಗದಿದ್ದರೆ ಅಲ್ಲಿ ನೀರು ತುಂಬುತ್ತೆ, ದಿನ ಕಳೆದ ಹಾಗೆ ಅಂಟಿನ ಹಾಗೆ ಗಟ್ಟಿಯಾಗುತ್ತೆ. ನೋವಿಲ್ಲ, ಜ್ವರ ಇಲ್ಲ, ಸೋರುವುದೂ ಇಲ್ಲ. ಹಾಗಾಗಿ ಮನೆಯವರಿಗೆ ಗೊತ್ತಾಗುವುದೇ ಇಲ್ಲ. ಡೌನ್ ಸಿಂಡ್ರೋಮ್ ಇರುವ ನೂರಕ್ಕೆ 75 ಮಕ್ಕಳಿಗೆ ಒಂದಲ್ಲ ಒಂದು ಹೊತ್ತಿನಲ್ಲಿ ಕಿವಿ ಕಡಿಮೆ ಕೇಳಬಹುದು ಅನ್ನುತ್ತಾರೆ. ಅದಕ್ಕೇ ಒಂದೊಂದು ಕಿವಿಯನ್ನೂ ಬೇರೆಬೇರೆಯಾಗಿ ಅಳೆಯಲು ಆಗುವವರೆಗೆ 6 ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು ಅನ್ನುವುದು. ಪುಟ್ಟನಿಗೆ ಮೂರು ವರ್ಷದಲ್ಲಿ ಒಂದು ಸಲವೂ ಅದು ನೆಟ್ಟಗೆ ಆಗಿರಲಿಲ್ಲ.

ಯಾಕೆ ಆಗಲಿಲ್ಲ ಅಂತ ಯೋಚಿಸಿದರೆ ನನಗೆ ಅನ್ನಿಸುವುದು ಇದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಒಂದು ಸಾಲು, ಶ್ರವಣದೋಷ ಇನ್ನೊಂದು ಸಾಲು, ಮಾತು ತಡವಾಗುವುದು ಮತ್ತೊಂದು ಸಾಲು. ಪುಟ್ಟನನ್ನು ಗುರುತಿಸಿದ್ದೂ, ಹೃದಯದ ಆಪರೇಷನ್‌ಗೆ ದಾರಿ ತೋರಿಸಿದ್ದೂ ಅವರೇ, ಅದು ಸಣ್ಣ ಉಪಕಾರ ಅಲ್ಲ. ಆದರೆ ಒಂದು ಸಾಲಿನಲ್ಲಿ ಹೆಸರು ಬಿದ್ದ ಮೇಲೆ ಅದೇ ಮಗುವಿನ ಹೆಸರನ್ನು ಇನ್ನೊಂದು ಸಾಲಿನಲ್ಲೂ ಬರೆಯಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಡೌನ್ ಸಿಂಡ್ರೋಮ್ ಅಂದ ಮೇಲೆ ಮಾತು ಬಾರದಿರುವುದಕ್ಕೆ ಕಾರಣ ಸಿಕ್ಕಿಯೇ ಬಿಟ್ಟಿತು, ಅಲ್ವಾ?

ಗುಗ್ಗೆಗೆ ಬರುತ್ತೇನೆ. ಐದು ದಿನ ಕರಗಿಸುವ ಹನಿ ಹಾಕಿಸಿ, ಇಎನ್‌ಟಿ ಡಾಕ್ಟರ್ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ತೆಗೆದರು. ಗಾಳಿಯ ಒತ್ತಡ ಬದಲಿಸಿ ಕಿವಿಯ ತಮಟೆ ಎಷ್ಟು ಅಲುಗುತ್ತೆ ಅಂತ ನೋಡುವ ಪರೀಕ್ಷೆ ಟಿಂಪನೋಮೆಟ್ರಿ. ತೆಗೆಯುವ ಮೊದಲು ಅದರ ಗೆರೆ ನೆಲದ ಹಾಗೆ ಚಪ್ಪಟೆ, ಕಿವಿ ಹಾದಿಯ ಅಳತೆ 0.2 ಮಿಲಿ. ತೆಗೆದ ಮೇಲೂ ಗೆರೆ ಚಪ್ಪಟೆಯೇ, ಆದರೆ ಅಳತೆ 0.5. ಈ ಸಣ್ಣ ಅಂಕಿಯನ್ನು ಎಷ್ಟೋ ವರದಿಗಳಲ್ಲಿ ಬರೆಯುವುದೇ ಇಲ್ಲ. ನನಗೆ ಗೆರೆಗಿಂತ ಇದೇ ಮುಖ್ಯ. ಚಪ್ಪಟೆ ಗೆರೆಯ ಜೊತೆ 0.2 ಬಂದರೆ ಕಿವಿಯಲ್ಲಿಟ್ಟ ತುದಿ ಗುಗ್ಗೆಗೋ ಗೋಡೆಗೋ ತಾಗಿದೆ ಅಂತ. 0.5 ಬಂದರೆ ಹಾದಿ ತೆರೆದಿದೆ, ತಮಟೆಯ ಹಿಂದೆ ನೀರಿದೆ ಅಂತ. ತುಂಬಾ ದೊಡ್ಡ ಅಂಕಿ ಬಂದರೆ ತಮಟೆಯಲ್ಲಿ ತೂತು. ಪುಟ್ಟನಿಗೆ ಎರಡೂ ಕಿವಿಯಲ್ಲಿ ನೀರು ಖಚಿತವಾಯಿತು. ನೀರಿದ್ದಾಗ ಓಎಇ ಬರುವುದಿಲ್ಲ. ಹಾಗಾಗಿ ಅದನ್ನು ನಾನು ಮಾಡಲೂ ಹೋಗಲಿಲ್ಲ. ಮಾಡಿದ್ದರೆ ಇನ್ನೊಂದು "ರೆಫರ್" ಕಾಗದ ಸೇರುತ್ತಿತ್ತು, ಒಳಗಿವಿಯ ಬಗ್ಗೆ ಏನೂ ತಿಳಿಯುತ್ತಿರಲಿಲ್ಲ.

ಈಗ ಮುಖ್ಯ ಪ್ರಶ್ನೆ: ಕೇಳಿದ್ದನ್ನು ಈ ಮಗು ನನಗೆ ಹೇಗೆ ತೋರಿಸಬೇಕು? ಮೂರು ವರ್ಷದ ಮಾಮೂಲಿ ಮಗುವಾದರೆ "ಸೌಂಡ್ ಬಂದಾಗ ರಿಂಗ್ ಹಾಕು" ಅಂದರೆ ಹಾಕುತ್ತೆ. ಪುಟ್ಟನಿಗೆ ಅದು ಆಗದ ಮಾತು. ನಮ್ಮ ಸೈಕಾಲಜಿಸ್ಟ್ ನೋಡಿ, ತಿಳಿವಳಿಕೆಯ ಮಟ್ಟ ಸುಮಾರು 14 ತಿಂಗಳ ಮಗುವಿನದು ಅಂದರು. ಪರೀಕ್ಷೆ ಆರಿಸಬೇಕಾಗಿದ್ದು ಆ 14 ತಿಂಗಳಿಗೆ, ಆಧಾರ್ ಕಾರ್ಡಿನ ವಯಸ್ಸಿಗಲ್ಲ. ಸದ್ದು ಬಂದಾಗ ತಲೆ ತಿರುಗಿಸಿದರೆ ಒಂದು ಗೊಂಬೆಯೋ ಬೆಳಕೋ ಕಾಣಿಸುವ ವಿಆರ್‌ಎ ಪರೀಕ್ಷೆ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಬೆಳವಣಿಗೆಯ ವಯಸ್ಸು 10–12 ತಿಂಗಳು ತಲುಪಿದ ಮೇಲೆ ಸಾಧಾರಣವಾಗಿ ಆಗುತ್ತೆ. ಹಾಗಾದರೆ ಇವನಿಗೂ ಆಗಬೇಕು.

ಮೊದಲ ದಿನ ಆಗಲಿಲ್ಲ. ಕಪ್ಪು ಗಾಜಿನ ಡಬ್ಬಿಯೊಳಗೆ ಡೋಲು ಬಾರಿಸುವ ಕೋತಿ ಇದೆ ನಮ್ಮಲ್ಲಿ, ಎಷ್ಟೋ ಮಕ್ಕಳಿಗೆ ಇಷ್ಟ. ಪುಟ್ಟ ಅದನ್ನು ನೋಡಿ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದ. ಕೋತಿ ಬಿಟ್ಟು ಬರೀ ದೀಪ ಹಾಕಿ ನೋಡಿದೆ. ಒಮ್ಮೆ ತಿರುಗಿದ, ಮೂರು ಸಲ ತಿರುಗಲಿಲ್ಲ, ಸದ್ದೇ ಇಲ್ಲದಾಗ ಒಮ್ಮೆ ತಿರುಗಿದ. ನಾನು ಪೆನ್ ತೆಗೆದು "ಸಹಕರಿಸಲಿಲ್ಲ" ಅಂತ ಬರೆಯಲು ಹೊರಟಿದ್ದೆ. ನಿಜ ಹೇಳುತ್ತೇನೆ, ಅರ್ಧ ಬರೆದಿದ್ದೆ.

ಅವತ್ತು ಫೋನಿನಲ್ಲಿ ವಿಡಿಯೋ ಮಾಡಿಟ್ಟಿದ್ದೆ. ರಾತ್ರಿ ಊಟ ಆದ ಮೇಲೆ ಸುಮ್ನೆ ಹಾಕಿ ನೋಡುತ್ತಾ ಕೂತೆ. ಸದ್ದು ಕೊಡುತ್ತೇನೆ, ಒಂದು, ಎರಡು, ಮೂರು ಸೆಕೆಂಡು ಕಾಯುತ್ತೇನೆ, ತಿರುಗಲಿಲ್ಲ ಅಂತ ಮುಂದಕ್ಕೆ ಹೋಗುತ್ತೇನೆ. ನಾಲ್ಕನೇ ಸೆಕೆಂಡಿಗೆ ಪುಟ್ಟನ ಕೈ ನಿಲ್ಲುತ್ತೆ. ಐದನೆಯದಕ್ಕೆ ತಲೆ ನಿಧಾನವಾಗಿ ತಿರುಗುತ್ತೆ. ಅಷ್ಟರಲ್ಲಿ ನಾನು ಕೆಳಗೆ ನೋಡಿ ಡಯಲ್ ತಿರುಗಿಸುತ್ತಿದ್ದೇನೆ. "ಸದ್ದಿಲ್ಲದಾಗ ತಿರುಗಿದ" ಅಂತ ನಾನು ಬರೆದದ್ದು ಹಿಂದಿನ ಸದ್ದಿನ ಉತ್ತರ! ಮೂರೂ ತಪ್ಪಿದ್ದು ಹೀಗೆಯೇ. ಸಹಕರಿಸದಿದ್ದವಳು ನಾನು. ನಾಚಿಕೆಯಾಯಿತು, ಆದರೆ ನಿದ್ದೆ ಚೆನ್ನಾಗಿ ಬಂತು, ಯಾಕೆಂದರೆ ಪರೀಕ್ಷೆ ಆಗುತ್ತೆ ಅಂತ ಗೊತ್ತಾಗಿತ್ತು.

ಎರಡನೇ ಸಲ ಬಂದಾಗ ನಾಲ್ಕು ಬದಲಾವಣೆ ಮಾಡಿದೆವು. ಅಮ್ಮನ ತೊಡೆಯ ಮೇಲೆ ಕೂರಿಸಲಿಲ್ಲ. ಮೈ ಸಡಿಲ ಇರುವ ಮಗು, ನೆಟ್ಟಗೆ ಕೂರುವುದಕ್ಕೇ ಅರ್ಧ ಶಕ್ತಿ ಹೋಗುತ್ತೆ, ತಲೆ ತಿರುಗಿಸಲು ಉಳಿಯುವುದೆಷ್ಟು? ಎರಡೂ ಪಕ್ಕಕ್ಕೆ ದಿಂಬು ಕೊಟ್ಟು, ಪಾದಕ್ಕೆ ಆಸರೆ ಕೊಟ್ಟು ಕುರ್ಚಿಯಲ್ಲಿ ಕೂರಿಸಿದೆವು. ಕೋತಿಯ ಬದಲು ಪರದೆಯ ಮೇಲೆ ಜೆಸಿಬಿ ವಿಡಿಯೋ, ಏಕೆಂದರೆ ತೋಟದಲ್ಲಿ ರಸ್ತೆ ಕೆಲಸ ನಡೆಯುವಾಗ ಅವನು ಅದನ್ನೇ ಗಂಟೆಗಟ್ಟಲೆ ನೋಡುತ್ತಿದ್ದನಂತೆ. ನಡುವೆ ಕಣ್ಣಿನ ಡಾಕ್ಟರಿಗೂ ತೋರಿಸಿದ್ದೆವು, ಕನ್ನಡಕ ಬಂದಿತ್ತು. ಮೊದಲ ದಿನ ಮೂಲೆಯ ದೀಪ ಅವನಿಗೆ ಎಷ್ಟು ಕಂಡಿತ್ತೋ! ನಾಲ್ಕನೆಯದಾಗಿ, ಆಟದ ನಿಯಮ ಕಲಿಸಲು ಸದ್ದು ಬಳಸಲಿಲ್ಲ. ಮೂಳೆಯ ಮೂಲಕ ಸದ್ದು ಕೊಡುವ ವೈಬ್ರೇಟರ್ ಅನ್ನು ಅವನ ಅಂಗೈಯಲ್ಲಿ ಇಟ್ಟು 250 ಹರ್ಟ್ಸ್ ಸದ್ದನ್ನು ಜೋರಾಗಿ ಕೊಟ್ಟರೆ ಕೈ ಜುಮ್ ಅನ್ನುತ್ತೆ. ಕಿವಿ ಕೇಳಲಿ ಬಿಡಲಿ, ಕೈಗೆ ಗೊತ್ತಾಗುತ್ತೆ. ಜುಮ್ ಅಂದಾಗ ತಿರುಗಿದರೆ ಜೆಸಿಬಿ. ಐದನೇ ಸಲಕ್ಕೆ ಜುಮ್ ಅಂದ ಕೂಡಲೇ ಪರದೆ ಕಡೆ ನೋಡಿ ನಕ್ಕ. ಆಟ ಅರ್ಥವಾಗಿದೆ. ಇನ್ನು ಸದ್ದಿಗೆ ತಿರುಗದಿದ್ದರೆ ಅದು ಕೇಳಿಸಿಲ್ಲ ಅಂತಲೇ ಅರ್ಥ.

ಪ್ರತಿ ಸದ್ದಿಗೂ ಏಳರವರೆಗೆ ಎಣಿಸುತ್ತಾ ಕೂತೆ. ನಡುನಡುವೆ ಸದ್ದೇ ಕೊಡದೆ ಎಣಿಸಿದೆ, ಸುಮ್ಮನೆ ತಿರುಗುತ್ತಾನೋ ಅಂತ. ಒಂದು ಸಲಕ್ಕೆ ಎಂಟು ಹತ್ತು ಉತ್ತರ ಸಿಕ್ಕರೆ ಹೆಚ್ಚು, ಆಮೇಲೆ ಬೇಸರ. ಮೂರು ಭೇಟಿಯಲ್ಲಿ ಚಿತ್ರ ಸಿಕ್ಕಿತು. ಹರ್ಟ್ಸ್ ಅಂದರೆ ಸ್ವರದ ಎತ್ತರ, ಡೆಸಿಬಲ್ ಅಂದರೆ ಅವನು ತಿರುಗಿದ ಅತಿ ಮೆಲ್ಲನೆಯ ಸದ್ದು, ಅಂಕಿ ಹೆಚ್ಚಾದಷ್ಟು ಕಿವಿ ಕಡಿಮೆ ಕೇಳುತ್ತೆ. ಸ್ಪೀಕರಿನಲ್ಲಿ 500 ಹರ್ಟ್ಸ್‌ಗೆ 50 ಡೆಸಿಬಲ್, 1000ಕ್ಕೆ 45, 2000ಕ್ಕೆ 45, 4000ಕ್ಕೆ 55. ನಡುಗಿವಿಯನ್ನು ಬಿಟ್ಟು ಮೂಳೆಯ ಮೂಲಕ ನೇರ ಒಳಗಿವಿಗೆ ಕೊಟ್ಟಾಗ 15, 15, 20, ಮತ್ತು 4000ಕ್ಕೆ 30. ಅಂದರೆ ಒಳಗಿವಿ ಬಹುಮಟ್ಟಿಗೆ ಚೆನ್ನಾಗಿದೆ, ಎತ್ತರದ ಸ್ವರದಲ್ಲಿ ಮಾತ್ರ ಸ್ವಲ್ಪ ಅನುಮಾನ. ಉಳಿದ ನಷ್ಟವೆಲ್ಲ ನಡುಗಿವಿಯ ನೀರಿನದು.

ಇಷ್ಟಕ್ಕೇ ನಿಲ್ಲುವ ಹಾಗಿಲ್ಲ. ಒಂದೇ ಪರೀಕ್ಷೆಯನ್ನು ನಂಬಬೇಡಿ, ಬೇರೆ ಜಾತಿಯ ಇನ್ನೊಂದು ಪರೀಕ್ಷೆ ಅದನ್ನೇ ಹೇಳಬೇಕು ಅಂತ ಜೇಮ್ಸ್ ಜರ್ಗರ್ ಮತ್ತು ಡೆಬೊರಾ ಹೇಸ್ 1976ರಲ್ಲೇ ಬರೆದಿದ್ದಾರೆ, ನಮ್ಮ ಓದಿನಲ್ಲಿ ಅದನ್ನು ಬಾಯಿಪಾಠ ಮಾಡಿಸುತ್ತಾರೆ. ಸ್ಪೀಕರಿನಲ್ಲಿ ಮಾಡಿದಾಗ ಎರಡು ಕಿವಿಯಲ್ಲಿ ಚೆನ್ನಾಗಿರುವುದು ಮಾತ್ರ ಉತ್ತರ ಕೊಡುತ್ತೆ. ಒಂದೊಂದೇ ಕಿವಿ ಬೇಕು. ಅದಕ್ಕೆ ಬೆರಾ ಮತ್ತೆ ಆಗಬೇಕಿತ್ತು, ಮತ್ತು ಅದಕ್ಕೆ ಮಗು ನಿದ್ದೆ ಮಾಡಬೇಕು.

ಸಾಮಾನ್ಯವಾಗಿ ಮಲಗಿಸುವ ಸಿರಪ್ ಕೊಟ್ಟು ಮಾಡುತ್ತಾರೆ. ಇಲ್ಲಿ ಬೇಡ ಅಂತ ಮಕ್ಕಳ ಡಾಕ್ಟರೂ ನಾನೂ ಒಪ್ಪಿದೆವು. ಹೃದಯದ ಆಪರೇಷನ್ ಆದ ಮಗು, ಟಾನ್ಸಿಲ್ ದಪ್ಪ, ಗೊರಕೆ ನಡುವೆ ಉಸಿರು ನಿಂತು ನಿಂತು ಬರುತ್ತೆ ಅಂತ ತಾಯಿ ಹೇಳಿದ್ದರು. ಅಂಥ ಮಗುವಿಗೆ ಔಷಧಿಯ ನಿದ್ದೆ ಕ್ಲಿನಿಕ್ಕಿನಲ್ಲಿ ಕೊಡುವ ಧೈರ್ಯ ಮಾಡಬಾರದು. ಸಹಜ ನಿದ್ದೆಯೇ ಗತಿ. ಮೊದಲ ಪ್ರಯತ್ನ ಕೆಟ್ಟಿತು, ಬಸ್ಸಿನಿಂದ. ಬೆಳಿಗ್ಗೆ ಆರರ ಬಸ್ಸು, ಎರಡೂವರೆ ಗಂಟೆ ದಾರಿ, ಮಗು ದಾರಿಯುದ್ದಕ್ಕೂ ಸೊಗಸಾಗಿ ಮಲಗಿ ನನ್ನ ಹತ್ತಿರ ಬರುವಾಗ ಕಣ್ಣರಳಿಸಿಕೊಂಡು ಬಂದ. ಮುಂದಿನ ಸಲ ಹಿಂದಿನ ಸಂಜೆಯೇ ಬಂದು ಊರಿನಲ್ಲಿದ್ದ ಅತ್ತೆ ಮನೆಯಲ್ಲಿ ಉಳಿದರು. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಆಡಿಸಿದರು. ಮಧ್ಯಾಹ್ನ ಒಂದೂವರೆಗೆ ಮೊಸರನ್ನ ತಿನ್ನಿಸುವ ಮೊದಲೇ ನಾನು ಹಣೆ ಮತ್ತು ಕಿವಿಯ ಹಿಂದೆ ಚರ್ಮ ಉಜ್ಜಿ ಎಲೆಕ್ಟ್ರೋಡ್ ಅಂಟಿಸಿಬಿಟ್ಟಿದ್ದೆ, ಮಲಗಿದ ಮೇಲೆ ಉಜ್ಜಿದರೆ ಎದ್ದೇ ಏಳುತ್ತಾನೆ. ಊಟ, ಕತ್ತಲೆ ಕೋಣೆ, ಅಮ್ಮನ ತೊಡೆ. 50 ನಿಮಿಷ ಮಲಗಿದ. ಬಲಗಿವಿ 2000 ಹರ್ಟ್ಸ್‌ಗೆ 50, ಎಡಗಿವಿ 45, 500ಕ್ಕೆ ಎರಡೂ 55, ಮೂಳೆಯ ಮೂಲಕ 20. ವಿಆರ್‌ಎ ಜೊತೆ 10 ಡೆಸಿಬಲ್ ಒಳಗೆ ಹೊಂದಿಕೊಂಡಿತು.

ಹಾಗಾದರೆ ಹಳೆಯ 80 ಎಲ್ಲಿಂದ ಬಂತು? ಆ ವರದಿಯಲ್ಲಿ ಕಿವಿಯೊಳಗೆ ನೋಡಿದ ಬಗ್ಗೆ ಒಂದು ಸಾಲಿಲ್ಲ. ಟಿಂಪನೋಮೆಟ್ರಿ ಇಲ್ಲ. ಮೂಳೆಯ ಮೂಲಕ ಮಾಡಿದ ಬೆರಾ ಇಲ್ಲ. ನೀರಿನ ಮೇಲೆ ಗುಗ್ಗೆಯ ಬಿರಡೆ, ಅದರ ಮೇಲೆ ಇಯರ್‌ಫೋನ್ ತುದಿ ಒತ್ತಿದರೆ 45 ಸಲೀಸಾಗಿ 80 ಆಗುತ್ತೆ. ಆ 80ಕ್ಕೆ ಹೊಂದಿಸಿದ ಮಷಿನ್ ಅನ್ನು ಒಳಗಿವಿ ಚೆನ್ನಾಗಿರುವ ಮಗುವಿಗೆ ಹಾಕಿದರೆ ಏನಾಗಬೇಕೋ ಅದೇ ಆಗಿತ್ತು. ಹಠ ಅಂದುಕೊಂಡದ್ದು ಹಠ ಅಲ್ಲ, ಆ ಸದ್ದು ತಡೆಯಲಾಗದೆ ಕಿತ್ತು ಹಾಕುತ್ತಿದ್ದ. ಇದನ್ನು ಹೇಳಿದಾಗ ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಕೈ ಕಟ್ಟಿ ಹಾಕಿದ್ದೆ ಮೇಡಂ ಒಂದಿನ" ಅಂದರು.

ಚಿಕಿತ್ಸೆಯ ಮಾತು. ಮಾಮೂಲಿ ಮಗುವಿಗೆ ಕಿವಿಯಲ್ಲಿ ನೀರು ಕಂಡರೆ ಮೂರು ತಿಂಗಳು ಕಾಯುತ್ತೇವೆ, ಎಷ್ಟೋ ಸಲ ತಾನಾಗಿಯೇ ಒಣಗುತ್ತೆ. ಇವನಿಗೆ ಹುಟ್ಟಿದ ವಾರದಿಂದ ಒಂದು ಸಲವೂ ಕಿವಿ ಸರಿ ಇದೆ ಅಂತ ಪರೀಕ್ಷೆ ಬಂದಿರಲಿಲ್ಲ, ಇನ್ನೂ ಕಾಯುವುದು ಯಾವ ಲಾಭಕ್ಕೆ? ಗ್ರೊಮೆಟ್ ಅಂದರೆ ತಮಟೆಯಲ್ಲಿ ಸಣ್ಣ ಕೊಳವೆ ಕೂರಿಸಿ ಗಾಳಿ ಆಡಿಸುವುದು. ಇಎನ್‌ಟಿ ಡಾಕ್ಟರ್ ನೋಡಿ, ಹಾದಿ ಇಷ್ಟು ಸಣ್ಣ ಇರುವಾಗ ಕೊಳವೆ ಹೋಗುವುದೇ ಕಷ್ಟ, ಅರಿವಳಿಕೆಗೆ ಮೊದಲು ಉಸಿರಾಟದ ವಿಷಯ ನೋಡಬೇಕು, ಡೌನ್ ಸಿಂಡ್ರೋಮ್‌ನಲ್ಲಿ ಕತ್ತಿನ ಮೇಲಿನ ಮೂಳೆಗಳು ಸಡಿಲ ಇರಬಹುದು, ಆಪರೇಷನ್ ಟೇಬಲ್ ಮೇಲೆ ಕತ್ತು ತಿರುಗಿಸುವಾಗ ಹುಷಾರು, ಒಂದು ವರ್ಷ ಬೆಳೆಯಲಿ ಅಂದರು. ಸರಿ, ಕೊಳವೆ ಆಮೇಲೆ. ಆದರೆ ಕೇಳುವುದು ಈಗಲೇ ಆಗಬೇಕು.

ಮೊದಲು ಕಿವಿಯ ಹಿಂದೆ ಹಾಕುವ ಮಾಮೂಲಿ ಮಷಿನ್ ನೋಡಿದೆವು. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅದು ಉಚಿತವಾಗಿ ಸಿಗುತ್ತೆ, ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಆದಾಯದ ಕಾಗದ ಬೇಕು. ಹೊಂದಿಸಿದ್ದು 45ಕ್ಕೆ. ಈ ಸಲ ಕಿರುಚಲಿಲ್ಲ. ಆದರೆ ನಿಲ್ಲಲಿಲ್ಲ. ಪುಟಾಣಿ ಕಿವಿ, ಅದರ ಮೇಲೆ ಈಗ ಕನ್ನಡಕದ ಕಡ್ಡಿ, ಅದರ ಪಕ್ಕ ಮಷಿನ್. ಮಷಿನಿನ ಸದ್ದನ್ನು ಒಳಗೆ ಬಿಡುವ, ಕಿವಿಯ ಅಳತೆಗೆ ಮಾಡಿದ ಅಚ್ಚು ಸಣ್ಣ ಹಾದಿಯಲ್ಲಿ ಕೂರದೆ ಜಾರಿ ಜಾರಿ ಕುಂಯ್ ಅನ್ನುತ್ತಿತ್ತು. ಮೂರನೇ ವಾರಕ್ಕೆ ಬಲಗಿವಿ ಸೋರಿತು. ನಿಲ್ಲಿಸಿದೆ.

ಆಮೇಲೆ ಬೋನ್ ಕಂಡಕ್ಷನ್ ಸಾಧನ. ಕಿವಿಯ ಹಾದಿಯನ್ನೇ ಬಿಟ್ಟು, ತಲೆಬುರುಡೆಯ ಮೂಳೆಯ ಮೂಲಕ ನೇರ ಒಳಗಿವಿಗೆ ಸದ್ದು ಕಳಿಸುತ್ತೆ. ಚಿಕ್ಕ ಮಕ್ಕಳಿಗೆ ಆಪರೇಷನ್ ಇಲ್ಲದೆ ಮೆತ್ತನೆಯ ಪಟ್ಟಿಯಲ್ಲಿ ತಲೆಗೆ ಕಟ್ಟುತ್ತಾರೆ, ಸಾಫ್ಟ್‌ಬ್ಯಾಂಡ್ ಅನ್ನುತ್ತಾರೆ. ನೀರಿದ್ದರೂ ಸೋರಿದರೂ ಚಿಂತೆಯಿಲ್ಲ. ಬೆಲೆ ಮಾತ್ರ ಲಕ್ಷದ ಮಾತು. ಎರಡು ವಾರ ಟ್ರಯಲ್‌ಗೆ ಸಿಕ್ಕಿತು. ಮೊದಲ ದಿನವೇ ಹಿಂದಿನಿಂದ ಮೆಲ್ಲಗೆ ಕರೆದಾಗ ಐದು ಸೆಕೆಂಡು ಬಿಟ್ಟು ತಿರುಗಿದ. ಅಜ್ಜಿ ನೋಡಿದರು, ಏನೂ ಹೇಳಲಿಲ್ಲ, ಕಣ್ಣೊರೆಸಿಕೊಳ್ಳಲೂ ಇಲ್ಲ, "ಇದಕ್ಕೆ ಎಷ್ಟು?" ಅಂತ ಕೇಳಿದರು. ಅರ್ಧ ಹಣ ತೋಟದ ಸಾಹುಕಾರರು ಕೊಟ್ಟ ಮುಂಗಡ, ಉಳಿದದ್ದು ಅಜ್ಜಿಯ ಓಲೆ ಮತ್ತು ಒಬ್ಬ ದಾನಿ. ಕೊಳ್ಳಲು ಐದು ತಿಂಗಳು ಹಿಡಿಯಿತು.

ತಲೆ ಮುಟ್ಟಿಸಿಕೊಳ್ಳುವುದು ಪುಟ್ಟನಿಗೆ ಆಗದು. ಕ್ಷೌರಕ್ಕೂ ನಾಲ್ಕು ಜನ ಹಿಡಿಯಬೇಕು. ಹಾಗಾಗಿ ಸಾಧನ ಬರುವ ಮೊದಲೇ ಕೆಲಸ ಶುರು ಮಾಡಿಸಿದೆ. ಮೊದಲ ವಾರ ಸ್ನಾನಕ್ಕೆ ಮುಂಚೆ ಅಜ್ಜಿ ತಲೆಗೆ ಎಣ್ಣೆ ಹಚ್ಚಿ ಪಟ್ಟಿ ಬರುವ ಜಾಗವನ್ನು ಒತ್ತಿ ತಿಕ್ಕುವುದು, ಅಷ್ಟೇ. ಎರಡನೇ ವಾರ ಹಳೇ ಬನಿಯನ್ ಕತ್ತರಿಸಿದ ಪಟ್ಟಿ. ಆಮೇಲೆ ಸಾಧನ ಆಫ್ ಮಾಡಿಟ್ಟು. ಆಮೇಲೆ ಆನ್, ಮುದ್ದೆ ತಿನ್ನುವ ಹತ್ತು ನಿಮಿಷ ಮಾತ್ರ, ಏಕೆಂದರೆ ಆಗ ಎರಡು ಕೈಯೂ ತಟ್ಟೆಯಲ್ಲಿರುತ್ತೆ. ಮೊದಲ ತಿಂಗಳು ದಿನಕ್ಕೆ ಸರಾಸರಿ ಒಂದೂವರೆ ಗಂಟೆ ಅಂತ ಸಾಧನದ ಲೆಕ್ಕ ಹೇಳಿತು. ನಾಲ್ಕನೇ ತಿಂಗಳು ಆರು ಗಂಟೆ. ಹಾಕಿಕೊಂಡು ಅಳೆದಾಗ 25ರಿಂದ 30ರಲ್ಲಿ ತಿರುಗುತ್ತಿದ್ದ, 4000 ಹರ್ಟ್ಸ್‌ಗೆ ಮಾತ್ರ 40. ಚರ್ಮದ ಮೇಲಿಂದ ಹೋಗುವಾಗ ಎತ್ತರದ ಸ್ವರ ಸ್ವಲ್ಪ ಸೋರಿಹೋಗುತ್ತೆ. ಮನೆಯಲ್ಲಿ ದಿನಾ ಬೆಳಿಗ್ಗೆ ಹಿಂದಿನಿಂದ ಆ, ಊ, ಈ, ಮ್, ಶ್, ಸ್ ಅಂತ ಆರು ಸದ್ದು ಹೇಳಿ ನೋಡಬೇಕು. ಐದಕ್ಕೆ ತಿರುಗುತ್ತಿದ್ದ, "ಸ್"ಗೆ ಇಲ್ಲ.

ಮಾತಿನ ತರಬೇತಿ ಜೊತೆಗೇ ನಡೆಯಿತು. ಬಾ, ಕೊಡು, ಇನ್ನೂ, ಸಾಕು: ನಾಲ್ಕು ಮಾತು, ನಾಲ್ಕು ಕೈಸನ್ನೆ, ಎರಡೂ ಒಟ್ಟಿಗೆ. ಅಜ್ಜಿಗೆ ಸಿಟ್ಟು ಬಂತು. "ಕೈ ಆಡಿಸೋದು ಕಲಿತ್ರೆ ಬಾಯಿ ಯಾಕೆ ಬಿಡ್ತಾನೆ?" ಎಲ್ಲರಿಗೂ ಇರುವ ಭಯ ಇದು, ಆದರೆ ಹಾಗಾಗುವುದಿಲ್ಲ. ಈ ಮಕ್ಕಳಿಗೆ ಅರ್ಥವಾಗುವುದು ಮೊದಲು, ನಾಲಿಗೆ ತುಟಿ ಹೊಂದುವುದು ತುಂಬಾ ಆಮೇಲೆ. ನಡುವಿನ ಆ ಕಾಲದಲ್ಲಿ ಕೈ ಇಲ್ಲದಿದ್ದರೆ ಮಗುವಿಗೆ ಉಳಿಯುವುದು ಕಿರುಚಾಟ. "ಸಾಕು" ಸನ್ನೆ ಕಲಿತ ಮೇಲೆ ಪುಟ್ಟ ತಟ್ಟೆ ಎಸೆಯುವುದು ಬಿಟ್ಟ. ಅಜ್ಜಿ ಒಪ್ಪಿದ್ದು ನನ್ನ ವಿವರಣೆಗಲ್ಲ, ಅದಕ್ಕೆ. ಏಳನೇ ತಿಂಗಳಿಗೆ ರಸ್ತೆ ಕಡೆ ಕೈ ತೋರಿಸಿ "ಬೂ" ಅಂದ. ಬಸ್ಸು. ಒಂದು ವರ್ಷಕ್ಕೆ ಹನ್ನೊಂದು ಮಾತು, ಇಪ್ಪತ್ತರ ಮೇಲೆ ಸನ್ನೆ. ಕಡಿಮೆ ಅನ್ನಿಸಬಹುದು. ಮೂರು ವರ್ಷ ಸೊನ್ನೆ ಇದ್ದದ್ದು ನೆನಪಿರಲಿ.

4 ವರ್ಷ 2 ತಿಂಗಳಿಗೆ ದೊಡ್ಡ ಊರಿನಲ್ಲಿ ಆಪರೇಷನ್ ಆಯಿತು. ಅಡಿನಾಯ್ಡ್, ಅಂದರೆ ಮೂಗಿನ ಹಿಂಭಾಗದ ಮಾಂಸದ ಗಂಟು, ತೆಗೆದರು. ಬಲಗಿವಿಗೆ ಗ್ರೊಮೆಟ್ ಕೂತಿತು. ಎಡಗಿವಿಗೆ ಕೊಳವೆ ಹೋಗಲೇ ಇಲ್ಲ, ಅಂಟು ಎಳೆದು ಬಿಟ್ಟರು. ಗೊರಕೆ ಅರ್ಧಕ್ಕಿಂತ ಕಡಿಮೆಯಾಗಿದ್ದು ಎಲ್ಲಕ್ಕಿಂತ ದೊಡ್ಡ ಲಾಭ, ನಿದ್ದೆ ಸರಿಯಾದ ಮಗು ಹಗಲು ಬೇರೆಯೇ ಮಗು. 4 ವರ್ಷ 7 ತಿಂಗಳಿಗೆ ಮೊದಲ ಸಲ ಹೆಡ್‌ಫೋನ್ ಹಾಕಿಸಿಕೊಂಡು ಆಟದ ಪರೀಕ್ಷೆ ಕೊಟ್ಟ. ರಿಂಗ್ ಬೇಡ ಅಂದ, ಬಟ್ಟೆ ಒಣಹಾಕುವ ಕ್ಲಿಪ್ ಬೇಕು ಅಂದ. ಡಬ್ಬಿಗೆ ಬಿದ್ದರೆ ಟಕ್ ಅನ್ನುತ್ತೆ ಅಂತ ಒಳಗೆ ಬಟ್ಟೆ ಹಾಸಿದೆವು. ಬಲಗಿವಿ 25, 4000ಕ್ಕೆ 40. ಎಡಗಿವಿ 45. ಬಲಗಿವಿಯ ಆ 4000ಕ್ಕೆ ಮೂಳೆಯಲ್ಲೂ 35, ಅಂದರೆ ಮೊದಲಿನ ಅನುಮಾನ ನಿಜ, ಒಳಗಿವಿಯಲ್ಲಿ ಸ್ವಲ್ಪ ನಷ್ಟ ಇದೆ, ಅದು ನೀರಿನ ಜೊತೆ ಹೋಗುವುದಲ್ಲ. ಅದು ಹೆಚ್ಚುತ್ತಿದೆಯಾ ಅಂತ ನೋಡುತ್ತಿರಬೇಕು. ಎರಡು ತಿಂಗಳ ಮೇಲೆ ಕೊಳವೆ ತಾನಾಗಿ ಬಿದ್ದುಹೋಯಿತು, ನೀರು ಮತ್ತೆ ಬಂತು. ಹಾಗಾಗಿ ಪಟ್ಟಿ ಮುಂದುವರಿದಿದೆ.

ಈಗ ಅವನಿಗೆ 5 ತುಂಬಿದೆ. ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಸಾಧನದ ಬಗ್ಗೆ ತಾಯಿ ಯಾರಿಂದಲೋ ಕೇಳಿ ಬಂದಿದ್ದರು. ತಲೆಬುರುಡೆ ಸಾಕಷ್ಟು ದಪ್ಪ ಇರಬೇಕು, 5 ವರ್ಷಕ್ಕೆ ಮೊದಲು ಸಾಮಾನ್ಯವಾಗಿ ಮಾಡುವುದಿಲ್ಲ, ಇವನಿಗೆ ಇನ್ನೂ ಅವಸರ ಇಲ್ಲ ಅಂದೆ. ಥೈರಾಯ್ಡ್ ರಕ್ತ ಪರೀಕ್ಷೆ ಈ ವರ್ಷದ್ದು ಬಾಕಿ ಇದೆ, ಅದನ್ನು ಮಾಡಿಸಿ ಅಂತ ಬರೆದುಕೊಟ್ಟೆ. ಕಿವಿ ಪರೀಕ್ಷೆ ಮಳೆ ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ. ಈಗ ನಿದ್ದೆಯ ಪರೀಕ್ಷೆ ಬೇಕಿಲ್ಲವಲ್ಲ, ಹಿಂದಿನ ದಿನವೇ ಬಂದು ಉಳಿಯಬೇಡಿ, ಬೆಳಗಿನ ಬಸ್ಸಿಗೇ ಬನ್ನಿ, ದಾರಿಯಲ್ಲಿ ಮಲಗಿದರೂ ಪರವಾಗಿಲ್ಲ ಅಂದೆ.

"ಬಸ್ಸಲ್ಲಿ ಈಗ ಎಲ್ಲಿ ಮಲಗ್ತಾನೆ ಮೇಡಂ," ಅಂದರು ತಾಯಿ. "ಎದುರುಗಡೆ ಹಾರ್ನ್ ಹೊಡೆದಾಗೆಲ್ಲ ಬೂ, ಬೂ ಅಂತ ನನ್ನ ಕೆನ್ನೆ ಹಿಡಿದು ತಿರುಗಿಸ್ತಾನೆ."